ಗಿರಿಯ ಎರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮನ ವಯಸ್ಸನ್ನು ಎರಡು ವರ್ಷ ಹೆಚ್ಚಿಸಿ ಬರೆಸಿದವಳು ನಾನು. ಅದನ್ನು ಸರಿಮಾಡಬಹುದಾಗಿದ್ದ ದಿನ ಬಾಯಿ ಬಿಡಲಿಲ್ಲ.

ಅಪ್ಪ ಜಾಂಬಿಯಾದ ಕಿಟ್ವೆಯಲ್ಲಿ ತಾಮ್ರದ ಗಣಿಯ ಫಿಟ್ಟರ್. ಅಮ್ಮ ಹಾಸಿಗೆ ಹಿಡಿದಳು. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಅಮ್ಮನ ಆರೈಕೆಯ ನಡುವೆ ಐದು ವರ್ಷದ ಗಿರಿಯನ್ನು ನೋಡಿಕೊಳ್ಳುವವರಿರಲಿಲ್ಲ. ಅಲ್ಲಿನ ಶಾಲೆಗೆ ಸೇರಲು ಏಳು ತುಂಬಿರಬೇಕು. ನಾವು ಬಿಟ್ಟುಬಂದ ನಂಜನಗೂಡಿನಲ್ಲಿ ನಮ್ಮ ಮೇಷ್ಟ್ರು ಎಲ್ಲ ಮಕ್ಕಳಿಗೂ ಜೂನ್ ಒಂದನೇ ತಾರೀಕು ಹಾಕಿ, ಬೇಕಾದಷ್ಟು ವಯಸ್ಸು ಸೇರಿಸಿ ಬರೆದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಅವನು ಹುಟ್ಟಿದ ಆಸ್ಪತ್ರೆಯ ಚೀಟಿ ಕಳೆದುಹೋಗಿದೆ ಎಂದು ಹೇಳಿ, ಏಳು ವರ್ಷ ಎಂದು ಬರೆಸಿದೆ. ಮುಂದೆ ಪಾಸ್‌ಪೋರ್ಟಿಗೂ ಅದೇ ಹೋಯಿತು, ಗಿರಿಯೂ ಅದನ್ನೇ ನಂಬಿ ಬೆಳೆದ.

ಗಿರಿ ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಆದ. ಜಾಂಬಿಯಾದ ಇಪ್ಪತ್ತರೊಳಗಿನವರ ತಂಡದ ಆಯ್ಕೆಗೆ, ಒಂದು ವರ್ಷ ಹೆಚ್ಚಾದರೂ ಸೇರಿಸಿಕೊಂಡಾರೆಂದು ಹೋದಾಗ, ನಿಜವಾಗಿ ಹತ್ತೊಂಬತ್ತರ ಹುಡುಗನನ್ನು ಕಾಗದ ನೋಡಿ ಇಪ್ಪತ್ತೊಂದಾಯಿತೆಂದು ವಾಪಸ್ ಕಳಿಸಿದರು. ಅಡುಗೆಮನೆ ಬಾಗಿಲಲ್ಲಿ ಕೂತು ಅತ್ತ. ಆಸ್ಪತ್ರೆಯ ಚೀಟಿ ಅಮ್ಮನ ಟ್ರಂಕಿನಲ್ಲೇ ಇತ್ತು. ಸುಳ್ಳು ಬಯಲಾದರೆ ಅಪ್ಪ ಏನನ್ನುವನೋ ಎಂದು ಹೆದರಿ ನಾನು ಸಾರು ತಿರುಗಿಸುತ್ತ ನಿಂತೆ. ಮದುವೆಯಾಗಿ ಮೈಸೂರಿಗೆ ಬಂದಾಗ ಚೀಟಿಯೂ ನನ್ನ ಜೊತೆ ಬಂತು.

ಮುಂದೆ ಅವನು ಟೆಕ್ಸಸ್‌ನ ಸಣ್ಣ ಲೀಗಿಗೆ ಹೋದ. ಮೂರು ವರ್ಷ ಆಡಿಸಿಕೊಂಡ ತಂಡ 2016ರಲ್ಲಿ ಅವನನ್ನು ಕೈಬಿಟ್ಟಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರು ಕಡೆ ಆಯ್ಕೆಗೆ ಕರೆದಿದ್ದರು. "ಬಂದು ಒಂದ್ಸಲ ನೋಡಕ್ಕಾ, ಆಮೇಲೆ ಆಡ್ತೀನೋ ಇಲ್ವೋ" ಎಂದು ಟಿಕೆಟ್ ಕಳಿಸಿದ. ಚೀಟಿಯನ್ನು ಕೈಚೀಲದಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಹೊರಟೆ.

ಅವನ ಬಾಡಿಗೆ ಮನೆ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿತ್ತು. ಪಕ್ಕದ ಮನೆಯ ಸುಮಾ ಮೈಸೂರಿನವರು, ಪುಳಿಯೋಗರೆ ತಂದುಕೊಟ್ಟರು. "ಇಲ್ಲಿ ಕನ್ನಡದವ್ರೆಲ್ಲ ಕಂಪ್ಯೂಟರ್ ಮುಂದೆ ಕೂತಿರ್ತಾರೆ. ಚೆಂಡಿನ ಹಿಂದೆ ಓಡೋರು ನಿಮ್ಮ ತಮ್ಮ ಒಬ್ರೇ" ಎಂದು ನಕ್ಕರು. ಗಿರಿಗೆ ಬೇಕಾಗಿದ್ದು ಕಿಟ್ವೆಯ ಮುಸುಕಿನ ಜೋಳದ ಮುದ್ದೆ. ಅಂಗಡಿಯಿಂದ ಹಿಟ್ಟು ತಂದು ಮಾಡಿದೆ, ಗಂಟುಗಂಟಾಯಿತು. ಆದರೂ ಪೂರ್ತಿ ತಿಂದ.

ಮರುದಿನ ಡಲ್ಲಾಸ್ ತಂಡದ ಆಯ್ಕೆ, ಫಾರ್ಮರ್ಸ್ ಬ್ರಾಂಚ್‌ನ ಮೈದಾನದಲ್ಲಿ. ಗಾಳಿ ಕಿವಿ ಕೊಯ್ಯುತ್ತಿತ್ತು. ಗಿರಿ ಎರಡು ಗೋಲು ಹೊಡೆದ. ಕೋಚ್ ಬೆನ್ನು ತಟ್ಟಿದ, ಕಾಗದ ನೋಡಿದ, ಏನೋ ಹೇಳಿದ. ನನಗೆ ತಿಳಿದದ್ದು 'ಥರ್ಟಿ ಒನ್' ಎಂಬುದಷ್ಟೇ. ಚೀಲದ ಜಿಪ್ಪಿನ ಮೇಲೆ ಕೈಯಿಟ್ಟೆ. ತೆಗೆಯಲಿಲ್ಲ.

ಹ್ಯೂಸ್ಟನ್‌ಗೆ ಇನ್ನೂರ ನಲವತ್ತು ಮೈಲಿ, ಕಾರಿನಲ್ಲಿ ನಾಲ್ಕು ಗಂಟೆ. ದಾರಿಯುದ್ದಕ್ಕೂ ಮೋಡ. ಅಲ್ಲಿ ಅವನಿಗೆ ಹತ್ತೇ ನಿಮಿಷ ಆಡಲು ಬಿಟ್ಟರು. "ನನ್ನ ಜಾಗಕ್ಕೆ ಬಂದವನಿಗೆ ಹತ್ತೊಂಬತ್ತಂತೆ" ಎಂದ. ನಾನು ಕಿಟಕಿಯಾಚೆ ನೋಡಿದೆ.

ಆಸ್ಟಿನ್‌ನಲ್ಲಿ ಜಿನುಗು ಮಳೆ. ಅಷ್ಟು ಚೆನ್ನಾಗಿ ಅವನು ಆಡಿದ್ದನ್ನು ನಾನು ಕಂಡಿರಲಿಲ್ಲ. ಹಾಗೆ ನೋಡಿದರೆ ಅವನ ಆಟವನ್ನು ಎಷ್ಟು ಸಲ ಕಂಡಿದ್ದೆ? ಕೋಚ್ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದ. ಗಿರಿ ಕೆಸರಿನ ಬೂಟು ಬಿಚ್ಚಿ ಕಾರಿಗೆ ಬಂದು ಕೂತ.

"ಏನಂತೆ?"

"ಆಟ ಇಷ್ಟ ಆಯ್ತಂತೆ. ಮೂವತ್ತು ದಾಟಿದೋರು ಬೇಡ್ವಂತೆ." ಮಂಡಿ ತಿಕ್ಕಿಕೊಂಡ. "ತಮಾಷೆ ನೋಡಕ್ಕ, ಕಾಲಿಗೆ ಇನ್ನೂ ವಯಸ್ಸಾಗಿರೋದು ಗೊತ್ತೇ ಇಲ್ಲ."

ಚೀಟಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಎರಡು ಸಲ ಓದಿದ.

"ಇದು ನಂದಾ?"

"ನಿಂದೇ. ನಿಂಗೀಗ ಇಪ್ಪತ್ತೊಂಬತ್ತು. ಶಾಲೇಲಿ ಸುಳ್ಳು ಬರೆಸಿದ್ದು ನಾನು."

"ನಾನು ಅಡುಗೆಮನೆ ಬಾಗಿಲಲ್ಲಿ ಅಳ್ತಾ ಕೂತಿದ್ನಲ್ಲ. ಆವತ್ತು ಇದೆಲ್ಲಿತ್ತು?"

"ಒಳಗೆ. ಅಮ್ಮನ ಟ್ರಂಕಲ್ಲಿ."

ಚೀಟಿಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿದ. "ಈಗ ತೋರಿಸಿದ್ರೆ ಕಳ್ಳ ಅಂತಾರೆ, ಅಷ್ಟೇ" ಎಂದ. ಕಾರು ಶುರು ಮಾಡಲಿಲ್ಲ. ಮೈದಾನದಲ್ಲಿ ಬೇರೆ ಹುಡುಗರು ಓಡುತ್ತಿದ್ದರು. ಮಳೆನೀರು ಗಾಜಿನ ಮೇಲೆ ಇಳಿದು ಅವರನ್ನು ಅಳಿಸುತ್ತಿತ್ತು.

"ತಪ್ಪಾಯ್ತು ಕಣೋ ಗಿರಿ," ಎಂದೆ. "ಸಾರಿನ ಸೌಟು ಕೆಳಗಿಟ್ಟು ಆವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು."