ಎಡಗೈಯಲ್ಲಿ ಬರೆದ ಕೆರೆ

ಅಥವಾ ಆ ನಕ್ಷೆ ಬರೆದದ್ದು ಕ್ಯಾಂಟೀನಿನಲ್ಲಿ ಅಲ್ಲವೇ ಅಲ್ಲ. ಆರ್.ಟಿ. ನಗರದ ನನ್ನ ರೂಮಿನಲ್ಲಿ ಅನ್ನುತ್ತಾನೆ ಗೆಳೆಯ. ನನ್ನ ನೆನಪಿನಲ್ಲಿ ಮಾತ್ರ ಸಾಸ್ ಅಂಟಿದ ಒಂದು ಮೇಜಿದೆ, ಎದುರಿಗೆ ಅವನಿದ್ದಾನೆ, ಅವನ ಬಾಯಲ್ಲಿ ನನ್ನ ತಟ್ಟೆಯ ಪಫ್ಸ್ ಇದೆ. ಹಾಗೆ ನೆನಪಾಗುವುದು ನನಗೆ ಅನುಕೂಲ. ಕ್ಯಾಂಟೀನಿನಲ್ಲಿ ಮಾಡಿದ್ದು ತಮಾಷೆಯಾಗಿ ಕಾಣುತ್ತದೆ, ರೂಮಿನ ಬಾಗಿಲು ಹಾಕಿಕೊಂಡು ಮಾಡಿದ್ದು ಮೋಸವಾಗಿ ಕಾಣುತ್ತದೆ. ಸದ್ಯಕ್ಕೆ ಕ್ಯಾಂಟೀನು ಎಂದೇ ಇಟ್ಟುಕೊಳ್ಳೋಣ.

ನಾನಾಗ ಯಲಹಂಕದ ಆಚೆಗಿನ ಒಂದು ವಿಶ್ವವಿದ್ಯಾಲಯದಲ್ಲಿ ಸಾಂಸ್ಕೃತಿಕ ಭೂಗೋಳ ಓದುತ್ತಿದ್ದೆ. ಹಾಗಂದರೇನು ಎಂದು ಮನೆಯವರು ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಮಳೆ, ಮಣ್ಣು, ಬೆಳೆ ಓದುವುದು ಸಾದಾ ಭೂಗೋಳ. ಆ ಮಣ್ಣನ್ನು ಜನ ಏನೆಂದುಕೊಂಡಿದ್ದಾರೆ ಎಂದು ಓದುವುದು ನಮ್ಮದು. ಮಣ್ಣು ಪೂರ್ತಿ ಕಾಂಕ್ರೀಟಿನಡಿ ಹೋದ ಮೇಲೂ ಓದಬಹುದಾದ್ದರಿಂದ ಬೆಂಗಳೂರಿಗೆ ಹೇಳಿ ಮಾಡಿಸಿದ ವಿಷಯ. ನಮ್ಮ ಮೇಡಂ ‘ಸ್ಥಳಪ್ರಜ್ಞೆ’ ಎಂಬ ಪದವನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಅವರ ಮನೆ ಇದ್ದದ್ದು ಇಟಲಿಯ ಹೆಸರಿಟ್ಟುಕೊಂಡ, ಆಟೋಗಳನ್ನು ಒಳಗೆ ಬಿಡದ ಒಂದು ಬಡಾವಣೆಯಲ್ಲಿ.

ಕೊನೆಯ ವರ್ಷದ ಕೆಲಸ ಇದು. ಹೆಬ್ಬಾಳದ ಹಿಂದೆ ನಗರದೊಳಗೆ ಸೇರಿಹೋದ ಹಳೆಯ ಊರೊಂದಕ್ಕೆ ಹೋಗಿ, ಹತ್ತು ಜನ ಹಿರಿಯರಿಂದ ಅವರ ಬಾಲ್ಯದ ಊರಿನ ನಕ್ಷೆ ಬರೆಸಿಕೊಂಡು ಬರಬೇಕು. ಅಳತೆ ಬೇಡ, ನೆನಪಿದ್ದಷ್ಟು ಸಾಕು. ಜೊತೆಗೆ ಇಪ್ಪತ್ತೆರಡು ಪ್ರಶ್ನೆಗಳ ಒಂದು ಫಾರಂ. ಊರಿನ ಕೆರೆ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಅದರ ಏರಿಯ ಮೇಲೆ ಅಪಾರ್ಟ್‌ಮೆಂಟ್ ಎದ್ದಿತ್ತು. ನಾವು ಹುಡುಕಿಕೊಂಡು ಹೋದದ್ದು ಆ ಇಲ್ಲದ ಕೆರೆಯನ್ನೇ. ಇರುವ ಕೆರೆಗಳನ್ನು ನೋಡಲು ಬೇರೆ ವಿಭಾಗದವರಿದ್ದರು, ಅವರಿಗೆ ಗಮ್‌ಬೂಟ್ ಸಿಗುತ್ತಿತ್ತು.

ಆರನೆಯವರಾಗಿಯೋ ಏಳನೆಯವರಾಗಿಯೋ ಸಿಕ್ಕಿದ್ದು ಒಬ್ಬ ಅಜ್ಜಿ. ಹೊಲವಿದ್ದ ಮನೆತನ, ಈಗ ಮಗ ಬಿಲ್ಡರ್. ಏರಿಯ ಮೇಲಿನ ಆ ಅಪಾರ್ಟ್‌ಮೆಂಟ್ ಕಟ್ಟಿಸಿದವನೂ ಅವನೇ. ಅವತ್ತು ಗೆಳೆಯನೂ ಜೊತೆಗಿದ್ದ, ನನ್ನ ಫೋನು ರೆಕಾರ್ಡ್ ಮಾಡುತ್ತಿತ್ತು. ಗ್ರಾನೈಟ್ ಹಾಕಿದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ನಾನು ಫಾರಂ ನೋಡಿಕೊಂಡು ಕೇಳಿದೆ:

“ಕೆರೆ ಜೊತೆ ನಿಮ್ಮ ಭಾವನಾತ್ಮಕ ನಂಟಿಗೆ ಐದಕ್ಕೆ ಎಷ್ಟು ಕೊಡ್ತೀರಾ ಅಜ್ಜಿ?”

“ಕೆರೆ ಏನ್ ಪರೀಕ್ಸೆ ಬರ್ದಿತ್ತೇನಪ್ಪಾ? ನೀನೇ ಎಷ್ಟಾನ ಆಕ್ಕೊ.”

ಮೂರು ಹಾಕಿಕೊಂಡೆ. ಅಜ್ಜಿ ಹಾಳೆಯ ಮೇಲೆ ಒಂದು ಸೊಟ್ಟ ಸುತ್ತು ಎಳೆದು, “ಇದೇ ಕೆರೆ” ಎಂದು ವಾಪಸು ಕೊಟ್ಟರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು.

“ನಮ್ ತಂಗಿ ಮೂರ್ ವರ್ಸಕ್ಕೇ ತೀರ್ಕೊಂಡ್ಳು. ಏರಿ ಕೆಳಗೆ ಎಲ್ಲೋ ಊತ್ರು. ನಾನೂ ಚಿಕ್ಕೋಳು, ಅತ್ರಕ್ಕೆ ಬುಡ್ಲಿಲ್ಲ. ನಾನ್ ಸಾಯಾಕ್ ಮುಂಚೆ ಆ ಜಾಗಕ್ಕೆ ಒಂದ್ ಊವ ಇಕ್ಬೇಕು. ನಿಮ್ ಮ್ಯಾಪಲ್ಲಿ ಐತಾ ಅದು?”

“ಅದು ನಮ್ಮ ಫಾರಂನಲ್ಲಿ ಬರಲ್ಲ ಅಜ್ಜಿ” ಅಂದೆ. ನಂತರದ ಪ್ರಶ್ನೆಗೆ ಹೋದೆ. ಅದು ಸಾಮೂಹಿಕ ಸ್ಮೃತಿಯ ಬಗ್ಗೆ ಇತ್ತು. ಇಲ್ಲ, ಇದು ತೀರಾ ಅಚ್ಚುಕಟ್ಟಾಯಿತು. ಬಹುಶಃ ಹಬ್ಬಗಳ ಬಗ್ಗೆ ಇದ್ದಿರಬೇಕು.

ಹತ್ತನೆಯವರಾಗಿ ಗೊತ್ತು ಮಾಡಿಕೊಂಡಿದ್ದ ತಾತ ಮೂರು ಸಲ “ನಾಳೆ ಬಾ” ಎಂದರು. ನಾಳೆಗಳು ಮುಗಿದವು. ಮಾರನೆಯ ದಿನ ಒಪ್ಪಿಸಬೇಕಿತ್ತು. ಕ್ಯಾಂಟೀನಿನಲ್ಲಿ ಗೆಳೆಯ ಅಂದ:

“ನೀನೇ ಬರಿ ಮಗಾ. ಎಡಗೈಯಲ್ಲಿ ಬರಿ, ನಡುಕ ತಾನಾಗೇ ಬರುತ್ತೆ.”

“ಏನ್ ಹಾಕ್ಲಿ?”

“ಮೇಡಂಗೆ ದೇವ್ರು ಬೇಕು ಗುರು. ಪವಿತ್ರವಾದದ್ದು ಒಂದಿಲ್ದೆ ಊರಿಲ್ಲ ಅಂತ ಬಡ್ಕೊಂತಾರಲ್ಲ. ಹಾಕು ಒಂದು ಕಲ್ಲು.”

ಹಾಕಿದೆ. ಕೆರೆ, ಏರಿ, ಏರಿಯ ತುದಿಗೊಂದು ಹುಣಸೆ ಮರ, ಮರದ ಕೆಳಗೊಂದು ಪುಟ್ಟ ಕಲ್ಲು. ಫಾರಂನಲ್ಲಿ ಮಹಿಳೆ, ಎಂಬತ್ತೆರಡು ವರ್ಷ, ಹೆಸರು ಗೋಪ್ಯ ಎಂದು ತುಂಬಿದೆ. ಮಾಹಿತಿ ಕೊಟ್ಟವರ ಹೆಸರು ಹೇಳಬಾರದು ಎನ್ನುವುದು ಸಂಶೋಧನೆಯ ನೀತಿ. ಸುಳ್ಳುಗಾರರಿಗೆ ಇಷ್ಟು ಒತ್ತಾಸೆಯಾದ ನೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹತ್ತರಲ್ಲಿ ಮೇಡಂಗೆ ಹಿಡಿಸಿದ್ದು ಅದೊಂದೇ. “ಈ ಗೆರೆಯ ನಡುಕ ನೋಡಿ, ಇದನ್ನ ಯಾರಿಗೂ ಸುಳ್ಳಾಗಿ ತರೋಕಾಗಲ್ಲ” ಎಂದು ತರಗತಿಗೆ ತೋರಿಸಿದರು. ಗೆಳೆಯನಿಗೆ ಕೆಮ್ಮು ಬಂತು. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ವಿಭಾಗದ ಕಾರಿಡಾರಿನಲ್ಲಿ ತೂಗುಹಾಕಿದರು, ಊರಿನ ಹಿರಿಯರನ್ನು ಟೀ-ಬಿಸ್ಕತ್ತಿಗೆ ಕರೆಸಿದರು. ‘ಸಮುದಾಯಕ್ಕೆ ಮರಳಿಸುವುದು’ ಎಂದು ಬ್ಯಾನರಿನಲ್ಲಿತ್ತು. ಮರಳಿಸಲು ನಮ್ಮ ಹತ್ತಿರ ಬಿಸ್ಕತ್ತಲ್ಲದೆ ಬೇರೆ ಏನಿತ್ತೋ.

ಅಜ್ಜಿ ಬಂದರು. ಮಗ ಕಾರಿನಲ್ಲೇ ಫೋನಿನಲ್ಲಿ ಮಾತಾಡುತ್ತ ಉಳಿದ. ತಮ್ಮ ಸೊಟ್ಟ ಸುತ್ತಿನ ಮುಂದೆ ಅವರು ನಿಲ್ಲಲೂ ಇಲ್ಲ. ಹತ್ತನೆಯ ನಕ್ಷೆಯ ಮುಂದೆ ನಿಂತರು, ಕಲ್ಲಿನ ಮೇಲೆ ಬೆರಳಿಟ್ಟರು.

“ಇಲ್ಲೇ ಕಣವ್ವಾ. ಮಗೀನ್ ಊತ ಮೇಲೆ ಕಲ್ಲಿಕ್ತಿದ್ರು. ಯಾರು ಬರ್ದೋಳು ಇದ? ನನ್ ಓರ್ಗೆಯೋಳೇ ಇರ್ಬೇಕು. ಅವ್ಳಿಗ್ ಗೊತ್ತೈತೆ. ಕರ್ಸಿ ಅವ್ಳ.”

ಮೇಡಂ ಕಣ್ಣೊರೆಸಿಕೊಂಡು ನನ್ನನ್ನು ಮುಂದೆ ತಳ್ಳಿದರು.

“ಹೆಸರು ಗೋಪ್ಯ ಅಜ್ಜಿ. ಹೇಳೋ ಹಾಗಿಲ್ಲ.”

“ಯಾಕೆ? ಏನ್ ಕದ್ದವ್ಳಾ?”

ಕಾರಿಡಾರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು, ಬಾಯಿಗೆ ಬಂದಿತ್ತು ಎಂದು ಬರೆಯಲು ಈಗ ಆಸೆಯಾಗುತ್ತದೆ. ಬಂದಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅಂಕ. “ಅವ್ರು ಊರು ಬಿಟ್ಟು ಹೋದ್ರು” ಅಂದೆ. “ಹಂಗಾದ್ರೆ ನೀನೇ ತೋರ್ಸು ಬಾ” ಎಂದು ಅಜ್ಜಿ ನನ್ನ ಮುಂಗೈ ಹಿಡಿದುಕೊಂಡರು.

ಆ ಭಾನುವಾರ ಬೆಳಿಗ್ಗೆ ಹೋದೆವು. ನನ್ನ ನಕ್ಷೆಯನ್ನು ಫೋನಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಏರಿಯ ತುದಿ ಎಲ್ಲಿಗೆ ಬರುತ್ತದೆ ಎಂದು ಹುಡುಕಿದೆ. ಇಲ್ಲದ ಮರಕ್ಕೆ ನಿಖರವಾದ ಅಕ್ಷಾಂಶ ರೇಖಾಂಶ ಸಿಕ್ಕಿತು. ಮಗನ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಅತಿಥಿಗಳು ಕಾರು ನಿಲ್ಲಿಸುವ ಜಾಗ, ಜನರೇಟರಿನ ಪಕ್ಕದ ಕಂಬ. ಕಾವಲುಗಾರ ಬಿಲ್ಡರ್ ತಾಯಿಗೆ ಸೆಲ್ಯೂಟ್ ಹೊಡೆದ. ಅಜ್ಜಿ ಕಂಬದ ಬುಡವನ್ನು ಸೆರಗಿನಿಂದ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟರು. ಒಂದು ಸಣ್ಣ ಬಟ್ಟಲಲ್ಲಿ ಹಾಲನ್ನವನ್ನೂ ತಂದಿದ್ದರು, ಮೂರು ವರ್ಷದ ಮಗು ತಿನ್ನುವಷ್ಟು. ಆಮೇಲೆ ತಲೆಯೆತ್ತಿ ಕೇಳಿದರು:

“ಇಲ್ಲೇ ಅಲ್ವೇನಪ್ಪಾ? ನೀನು ಓದ್ದೋನು. ನೀನೇಳು.”

“ಹೌದಜ್ಜಿ, ಇಲ್ಲೇ” ಅಂದೆ.

ನನಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಮಗ ಆ ಜಾಗದಲ್ಲಿ ಕಾರು ನಿಲ್ಲಿಸಬಾರದೆಂದು ಸರಪಳಿ ಹಾಕಿಸಿದ. ನಿವಾಸಿಗಳು ಪರೀಕ್ಷೆಗೆ ಹೋಗುವ ಮಕ್ಕಳಿಂದ ಅಲ್ಲಿ ಕೈಮುಗಿಸಲು ಶುರುಮಾಡಿದರು. ಮರುವರ್ಷ ಅದೇ ಊರಿಗೆ ಹೋದ ಕಿರಿಯ ವಿದ್ಯಾರ್ಥಿಗಳು ತಂದ ನಕ್ಷೆಗಳಲ್ಲಿ ಆ ಕಂಬ ‘ಪುರಾತನ ಶ್ರದ್ಧಾಸ್ಥಳ’ವಾಗಿತ್ತಂತೆ. ಮೇಡಂ ಅದರ ಬಗ್ಗೆ ಒಂದು ಪ್ರಬಂಧ ಮಂಡಿಸಿ ಬಂದರು, ವಿಮಾನದಲ್ಲಿ.

ಮೊನ್ನೆ ನಾಗಸಂದ್ರದ ಮೆಟ್ರೋದಲ್ಲಿ ಸಿಕ್ಕ ಗೆಳೆಯ ಬೇರೆಯೇ ಹೇಳಿದ. “ಲೋ, ಹುಣಸೆ ಮರ ನೀನ್ ಎಲ್ಲಿಂದ ತಂದೆ ಅನ್ಕೊಂಡಿದೀಯ? ಅವತ್ತು ಅವರೆಕಾಯಿ ಸುಲೀತಾ ಅಜ್ಜೀನೇ ಹೇಳಿದ್ರು ಕಣೋ. ನೀನ್ ಫಾರಂ ನೋಡ್ತಿದ್ದೆ.” ಇರಬಹುದು. ಅವನೂ ನನ್ನಂತೆಯೇ, ತನಗೆ ಅನುಕೂಲವಾದದ್ದನ್ನು ನೆನಪಿಟ್ಟುಕೊಳ್ಳುವವನು. ಕಲ್ಲು ಹಾಕು ಎಂದವನು ಅವನೇ ತಾನೆ. ಆ ದಿನದ ಮಾತನ್ನು ರೆಕಾರ್ಡ್ ಮಾಡಿದ್ದ ಫೋನು ಯಶವಂತಪುರದಲ್ಲಿ ಬಸ್ಸು ಹತ್ತುವಾಗ ಹೋಯಿತು. ಅಜ್ಜಿಯನ್ನು ಕೇಳಬಹುದಿತ್ತು. ಕೇಳಬೇಕಾದರೆ ಮೊದಲು ನಿಜ ಹೇಳಬೇಕು, ಹಾಗಾಗಿ ಆ ಕಡೆ ಹೋಗಿಲ್ಲ. ಅವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಏರಿಯ ತುದಿಯಲ್ಲಿ ನಿಜವಾಗಿ ಮರವಿತ್ತೋ ಇಲ್ಲವೋ ಗೊತ್ತಿಲ್ಲ. ಆ ಮಗುವನ್ನು ಎಲ್ಲಿ ಹೂತರು ಎಂಬುದು ನನಗೆ ಗೊತ್ತಿಲ್ಲ.