ಶಾಂಭವಿಯ ಸಣ್ಣ ಸುತ್ತಿಗೆ

ಹನುಮಸಾಗರದ ಕಮ್ಮಾರ ದ್ಯಾವಪ್ಪನ ಕುಲುಮೆಯಲ್ಲಿ ಎರಡು ಸುತ್ತಿಗೆಗಳಿದ್ದವು. ದೊಡ್ಡದು ಸಮ್ಮಟಿಗೆ. ಅದನ್ನು ಎತ್ತಿ ಹೊಡೆಯಲು ರಟ್ಟೆ ಗಟ್ಟಿಯಿದ್ದರೆ ಸಾಕು. ಸಣ್ಣದು ಯಜಮಾನನ ಕೈಯದು. ಕಾದ ಕಬ್ಬಿಣದ ಮೇಲೆ ಅದು ಎಲ್ಲಿ ಟಿಣ್ ಎನ್ನುತ್ತದೋ ಅಲ್ಲೇ ಸಮ್ಮಟಿಗೆ ಬೀಳಬೇಕು. ಬೆವರು ಸಮ್ಮಟಿಗೆಯವರದು, ಹೆಸರು ಸಣ್ಣ ಸುತ್ತಿಗೆಯವರದು. ದ್ಯಾವಪ್ಪನ ಮಗಳು ಶಾಂಭವಿ ಲಂಗ ಉಡುವ ವಯಸ್ಸಿನಲ್ಲೇ ತಿದಿ ಒತ್ತಿ ಬೆಂಕಿಗೆ ಗಾಳಿ ಕೊಟ್ಟಳು, ಮೈ ತುಂಬಿಕೊಂಡ ಮೇಲೆ ಸಮ್ಮಟಿಗೆಯನ್ನೂ ಎತ್ತಿದಳು. ಸಣ್ಣ ಸುತ್ತಿಗೆ ಕೇಳಿದ ದಿನ ಮಾತ್ರ ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಗಳ ಕೈಗೆ ಅದನ್ನ ಕೊಟ್ರ ಕಾಳಮ್ಮ ಮುನಿತಾಳ" ಎಂದ.

ಕಮ್ಮಾರರ ಕುಲದೇವತೆ ಕಾಳಮ್ಮ ತಾನೇ ಹೆಣ್ಣಲ್ಲವೇ? ಆ ಮಾತು ಶಾಂಭವಿಯ ಗಂಟಲವರೆಗೆ ಬಂದಿತ್ತು. ನುಂಗಿಕೊಂಡಳು. ಆ ಮನೆಯಲ್ಲಿ ಅವಳು ನುಂಗಿದ್ದು ಊಟಕ್ಕಿಂತ ಮಾತೇ ಜಾಸ್ತಿ.

ಸುತ್ತಿಗೆ ಹೋದದ್ದು ತಮ್ಮ ಗವಿಸಿದ್ದೇಶನಿಗೆ. ಒಂದು ದಸರೆಯಲ್ಲಿ ಪೂಜೆಗಿಟ್ಟ ಹತ್ಯಾರಗಳನ್ನು ಎತ್ತುವಾಗ ದ್ಯಾವಪ್ಪ ಅದನ್ನು ಮಗನ ಕೈಗಿಟ್ಟು ಮೊದಲ ಏಟು ಹೊಡೆಸಿದ. ಅಮ್ಮ ಕಳಕಮ್ಮ ದೃಷ್ಟಿ ತೆಗೆದಳು. ವಾರ ಕಳೆಯುವುದರೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತೆಂದು ಗವಿ ಸುತ್ತಿಗೆಯನ್ನು ಮೂಲೆಗೆಸೆದು, ಕಾಲೇಜಿನ ಹೆಸರಲ್ಲಿ ಕುಷ್ಟಗಿಯ ಬಸ್ಸು ಹತ್ತಿದ. ಅದಕ್ಕೆ ಯಾವ ಕಾಳಮ್ಮನೂ ಮುನಿಯಲಿಲ್ಲ. ವರ್ಷಕ್ಕೊಮ್ಮೆ ದಸರೆಗೆ ಬಂದು ಆ ಮೊದಲ ಏಟು ಹೊಡೆದು ಹೋದರೆ ಅವನ ಕಮ್ಮಾರಿಕೆ ಮುಗಿಯುತ್ತಿತ್ತು.

ಇಂಟರ್‌ನೆಟ್ ಅಂಗಡಿಗಳು ಗಲ್ಲಿಗೊಂದು ಎದ್ದ ಕಾಲ ಅದು. ಶಾಂಭವಿ ಕಂಪ್ಯೂಟರ್ ಕಲಿತು ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಹಸೀನಾಬೇಗಂ ನಡೆಸುತ್ತಿದ್ದ ಸೆಂಟರಿಗೆ ಕೆಲಸಕ್ಕೆ ಸೇರಿದಳು. ಅರ್ಜಿ ತುಂಬುವುದು, ರಿಸಲ್ಟ್ ತೆಗೆದುಕೊಡುವುದು, ಪ್ರಿಂಟ್ ಹಾಕುವುದು. ಕೊನೆಯ ಸಾಲಿನ ಕಂಪ್ಯೂಟರುಗಳಲ್ಲಿ ಗವಿ ಮತ್ತು ಅವನ ಗೆಳೆಯರ ಠಿಕಾಣಿ. ಯಾವ್ಯಾವುದೋ ದೇಶದವರು ಇಂಟರ್‌ನೆಟ್ಟಿನಲ್ಲಿ ಕೂಡಿ ಆಡುವ ಆಟವೊಂದರಲ್ಲಿ ಅವರು ಮುಳುಗಿರುತ್ತಿದ್ದರು. ಅದರಲ್ಲಿ ಕೋಟೆ, ಕಾಡು, ಯುದ್ಧ ಎಲ್ಲವೂ ಉಂಟು. ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು ಅಲ್ಲೇ ಸಂಸಾರ ಹೂಡಿದ್ದರು.

ಒಂದು ಮಧ್ಯಾಹ್ನ ಗವಿ ಅಕ್ಕನಿಗೂ ಒಂದು ಅಕೌಂಟ್ ಮಾಡಿಕೊಟ್ಟ. ಪ್ರೀತಿ ಉಕ್ಕಿ ಅಲ್ಲ.

"ಅಕ್ಕಾ, ಗಿರಾಕಿ ಇಲ್ದಾಗ ನೀ ಬರೇ ಕಲ್ಲು ಅಗದು ಅದಿರು ತೆಗದಿಡು. ಉಳದದ್ದು ನಾ ನೋಡ್ಕೋತೀನಿ."

ಅಂದರೆ ಅಲ್ಲಿಯೂ ಸಮ್ಮಟಿಗೆಯೇ! ಶಾಂಭವಿ ಕೆಲವು ದಿನ ಅಗೆದಳು. ಆಮೇಲೆ ಆ ಆಟದ ಊರಿನಲ್ಲಿ ಒಂದು ಕುಲುಮೆ ಕಂಡಳು. ಒಳಗೆ ಹೋದಳು. ಗಂಡೋ ಹೆಣ್ಣೋ ಎಂದು ಯಾರೂ ಕೇಳಲಿಲ್ಲ. ಸುತ್ತಿಗೆಯ ಚಿತ್ರ ಒತ್ತಿದಳು, ಸುತ್ತಿಗೆ ಕೈಗೆ ಬಂತು. ಇಷ್ಟು ಸಲೀಸಾಗಿ ಸಿಗುವ ವಸ್ತುವಿಗಾಗಿ ತಾನು ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ ಎಂದು ಅವಳಿಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಹೊಸಬರು ಆ ಆಟದಲ್ಲಿ ಮಾಡುವ ತಪ್ಪು ಒಂದೇ: ಅವಸರ. ಒಂದು ಚಾಕು ಮಾಡಿದ್ದೇ ತಡ, ರಾಜನ ಕತ್ತಿಗೆ ಕೈ ಹಾಕುವುದು. ಕಂಡ ಅದಿರನ್ನೆಲ್ಲ ಒಲೆಗೆ ಸುರಿದು, ದೊಡ್ಡ ಏಟು ಹಾಕಿ ಮುಗಿಸಿದರೆ ಹೊರಬರುವುದು 'ಸಾಧಾರಣ' ಎಂಬ ಬೂದುಬಣ್ಣದ ಮಾಲು. ಪ್ರತಿ ಏಟಿಗೂ ಲೋಹದ ಕಸುವು ಇಳಿಯುತ್ತ ಹೋಗುತ್ತದೆ. ಅದು ಪೂರ್ತಿ ತೀರುವ ಮುನ್ನ ಗುಣಮಟ್ಟದ ಪಟ್ಟಿ ಏರಬೇಕು. ಶಾಂಭವಿಗೆ ಯಾರ ಅವಸರವೂ ಇರಲಿಲ್ಲ. ಕಸರಿದ್ದ ಅದಿರನ್ನು ಪಕ್ಕಕ್ಕೆ ಹಾಕಿ ಚೊಕ್ಕಟ ಇದ್ದದ್ದನ್ನಷ್ಟೇ ಆರಿಸಿದಳು. ಕೆಲಸಕ್ಕೆ ಮುಂಚೆ ಹತ್ಯಾರ ರಿಪೇರಿ ಮಾಡಿಕೊಂಡಳು. ಮನಸ್ಸು ನಿಲ್ಲಲೆಂದು ಪರದೆಯ ಮೇಲಿನ ತನ್ನ ಗೊಂಬೆಗೆ ಒಂದು ಬಟ್ಟಲು ಸಾರು ಕುಡಿಸಿದಳು. ಆಮೇಲೆ ಸಣ್ಣ ಸಣ್ಣ ಏಟು. ದೊಡ್ಡ ಏಟೊಂದನ್ನು ಕಟ್ಟಕಡೆಗೆ ಉಳಿಸಿಕೊಂಡಳು. ಹಾಳಾದವೂ ಬೇಕಾದಷ್ಟಿದ್ದವು. ಬಿಡದೆ ಅದೇ ಚಾಕುವನ್ನೇ ಮಾಡಿದಳು.

ಕೊನೆಗೊಂದು ದಿನ ಹೊಳೆಯುವ ಚಾಕು ಬಂತು. ಮೇಲೆ ನಕ್ಷತ್ರ, ಕೆಳಗೆ ಮಾಡಿದವರ ಹೆಸರು: ಶಾಂಭವಿ ಕಮ್ಮಾರ. ಉತ್ತಮ ಮಾಲಿಗಷ್ಟೇ ಆಟ ಹೆಸರು ಹಾಕುತ್ತಿತ್ತು.

"ಬೇಗಂ, ನೋಡ್ರಿಲ್ಲಿ, ನನ್ನ ಹೆಸರು!"

ಹಸೀನಾಬೇಗಂ ಕನ್ನಡಕ ಏರಿಸಿ ನೋಡಿದಳು. "ಚಾಕು ಛಲೋ ಐತಿ ಬೇಟಿ. ಈರುಳ್ಳಿ ಹೆಚ್ಚಾಕ ಬರಂಗಿಲ್ಲ, ಅಷ್ಟ." ಹೀಗೆಂದು ಇಬ್ಬರಿಗೂ ಚಹಾ ಹೇಳಿದಳು.

ಮಳೆಗಾಲದುದ್ದಕ್ಕೂ ಶಾಂಭವಿ ಬಿಡುವಾದಾಗಲೆಲ್ಲ ಒಂದೇ ವಸ್ತುವಿನ ಬೆನ್ನು ಹತ್ತಿದ್ದಳು. ಅದೊಂದು ಸಣ್ಣ ಸುತ್ತಿಗೆ. ಆಟದ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಕೈ ಪಳಗಿದವರೇ ತಮಗಾಗಿ ಮಾಡಿಕೊಳ್ಳಬೇಕು. ಅದು ಕೈಯಲ್ಲಿದ್ದರೆ ಕಲಿಯುತ್ತಿರುವವರ ಮಾಲಿಗೂ ನಕ್ಷತ್ರ ಬೀಳುತ್ತಿತ್ತು. ಯಾರೂ ಅದನ್ನು ಕಸಿಯುವಂತಿಲ್ಲ. ಒಡೆಯರು ತಾವಾಗಿ ನೆಲಕ್ಕಿಟ್ಟರೆ ಮಾತ್ರ ಎತ್ತಿಕೊಂಡವರ ಪಾಲು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಸುತ್ತಿಗೆ ಮುಗಿಯಿತು. ಆ ಸಂಜೆ ಊರಿನ ಬಸ್ಸಿನಲ್ಲಿ ಕೂತವಳು ತನ್ನ ಖಾಲಿ ಅಂಗೈಯನ್ನು ನೋಡಿಕೊಂಡು ನಗುತ್ತಿದ್ದಳು.

ಗವಿ ಕೇಳಿಯೇ ಕೇಳಿದ. ಅವನ ಕೈಯಿಂದ 'ಸಾಧಾರಣ' ಬಿಟ್ಟು ಬೇರೇನೂ ಬರುತ್ತಿರಲಿಲ್ಲ, ಟೀಮಿನವರು ಆಡಿಕೊಂಡು ನಗುತ್ತಿದ್ದರು.

"ನನಗ ಕೊಡಕ್ಕಾ. ನೀ ಅದನ್ನ ಇಟ್ಕೊಂಡು ಏನ್ ಮಾಡಾಕಿ?"

"ಏನರ ಮಾಡ್ತೀನಿ. ಇದೊಂದು ನಂದು, ಗವಿ."

ಗವಿ ನಕ್ಕು ಸುಮ್ಮನಾದ. ಅವನು ಸುಮ್ಮನಾದನೆಂದು ಅವಳು ನಂಬಿದಳು.

ಮಹಾನವಮಿಯ ದಿನ ಖಂಡೇಪೂಜೆ. ಕಮ್ಮಾರರ ಮನೆಯಲ್ಲಿ ಅಂದು ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ ಕಾಳಮ್ಮನ ಮುಂದೆ ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಮರುದಿನ ಬನ್ನಿ ಹಬ್ಬದ ಸಂಜೆಯವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ಸೆಂಟರಿನಲ್ಲಿಯೂ ಶಾಂಭವಿ ಕಂಪ್ಯೂಟರುಗಳಿಗೆ ಹೂ ಏರಿಸಿದಳು. ಹಸೀನಾಬೇಗಂ ತಾನೇ ಚೆಂಡುಹೂ ತರಿಸಿದ್ದಳು. ಎಲ್ಲ ಮುಗಿದ ಮೇಲೆ ಶಾಂಭವಿಯ ಮನಸ್ಸು ತಡೆಯಲಿಲ್ಲ. ಲೋಕದ ಹತ್ಯಾರಕ್ಕೆಲ್ಲ ಪೂಜೆಯಾಗಿ, ತನ್ನ ಸುತ್ತಿಗೆಯೊಂದು ಆಟದ ಚೀಲದಲ್ಲಿ ಕೊಳೆಯಬೇಕೇ?

ಆಟದ ಊರಿನ ಹೊರಗೆ ಯಾವುದೋ ದೇವರ ಹಾಳು ಗುಡಿಯೊಂದಿತ್ತು. ಅಲ್ಲಿಗೆ ಹೋಗಿ, ಹಳದಿ ಹೂ ಕಿತ್ತು ತಂದು, ಚಪ್ಪಡಿಯ ಮೇಲೆ ಸುತ್ತಿಗೆ ಇಳಿಸಿದಳು. ಇಳಿಸುವಾಗ ಕೈ ತಡೆಯಿತು. ಪಕ್ಕದ ಕುರ್ಚಿಯಿಂದ ಗವಿ ನೋಡುತ್ತಿದ್ದ.

"ಇಡಕ್ಕಾ. ಹಬ್ಬದ ದಿನ ಹಿಂದ ಮುಂದ ನೋಡಬಾರ್ದು. ನಾ ಇಲ್ಲೇ ಕಾಯ್ತೀನಿ, ಯಾರ್ ಬರ್ತಾರ ನೋಡೂಣು."

ಊರಲ್ಲಿ ಅಮ್ಮ ನೈವೇದ್ಯಕ್ಕೆ ಕಾಯುತ್ತಿದ್ದಳು. ಇಟ್ಟ ಹತ್ಯಾರ ಎತ್ತುವಂತಿಲ್ಲ. ಕಾಯುವುದಕ್ಕೆ ಒಡಹುಟ್ಟಿದವನಿದ್ದಾನೆ. ಶಾಂಭವಿ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ರಜೆಯಿದ್ದರೂ ಬಂದು ಬೇಗಂಳಿಂದ ಬಾಗಿಲು ತೆಗೆಸಿದಳು. ಚಪ್ಪಡಿಯ ಮೇಲೆ ಹೂ ಇದ್ದವು. ಸುತ್ತಿಗೆ ಇರಲಿಲ್ಲ. ಟೀಮಿನವರು ಮಾತು ಬರೆಯುವ ಕಡೆ ಹೊಗಳಿಕೆಯೋ ಹೊಗಳಿಕೆ: ಹೊಸ ಕತ್ತಿ, ಮೇಲೆ ನಕ್ಷತ್ರ. ಮಾಡಿದವರು: ಗವಿಸಿದ್ದೇಶ. ಪೂಜೆಗಿಟ್ಟ ಹತ್ಯಾರವನ್ನು ಪೂಜೆಯ ದಿನವೇ ಎತ್ತಿ ಕೆಲಸಕ್ಕೆ ಹಚ್ಚಿದ್ದ.

ಹನುಮಸಾಗರಕ್ಕೆ ವಾಪಸು ಬಂದಾಗ ಗವಿ ಕಟ್ಟೆಯ ಮೇಲೆ ಹೊಸ ಅಂಗಿ ತೊಟ್ಟು ಕೂತಿದ್ದ.

"ಯಾರರ ಎತ್ಕೊಂಡು ಹೋಗ್ತಿದ್ರಕ್ಕಾ, ಅದಕ್ಕ ನಾನಽ ತಗೊಂಡೆ. ಮನ್ಯಾಗಽ ಐತೆಲ್ಲ, ಎಲ್ಲಿ ಹೋಗೇತಿ?"

"ಹಂಗಾರ ನನಗ ವಾಪಸ್ ಕೊಡು."

"ನೋಡೂಣ ತಗೊ. ಕೆಳಗ ಇಟ್ಟಿದ್ದು ಯಾರ್ ಎತ್ಕೊಂಡ್ರ ಅವರದು. ಆಟದ ಕಾಯ್ದೆ ಅದು, ನಂದಲ್ಲ."

ಶಾಂಭವಿ ನೇರ ಕುಲುಮೆಗೆ ಹೋಗಿ ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಆಟವೆಂದರೇನು, ತಾನು ಏನು ಮಾಡಿದೆ, ಹೆಸರು ಹೇಗೆ ಬಿತ್ತು, ತಮ್ಮ ಏನು ಮಾಡಿದ. ದ್ಯಾವಪ್ಪ ತಾಳ್ಮೆಯಿಂದಲೇ ಕೇಳಿದ. ಎಲೆ ಅಡಿಕೆ ಉಗುಳಿ ಬಂದು, ಸಮಾಧಾನದ ದನಿಯಲ್ಲಿ, "ಸುತ್ತಗಿ ತಮ್ಮನ ಕೈಗೆ ಹೋಗೇತಿ ಅಂದ್ರ ಹೋಗಬೇಕಾದಲ್ಲೇ ಹೋಗೇತಿ ಬಿಡವಾ" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಸಮಾಧಾನ ಅವಳನ್ನು ಸುಟ್ಟಿತು.

ಸಂಜೆ ಬನ್ನಿ ಮುಡಿದು ಬಂದು ಹತ್ಯಾರ ಎತ್ತಿದರು. ದ್ಯಾವಪ್ಪ ಸಣ್ಣ ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗಿಟ್ಟ. ಶಾಂಭವಿ ಎಂದಿನಂತೆ ತಿದಿಯ ಹತ್ತಿರ ಕೂತಳು. ಬೆಂಕಿಯಲ್ಲಿ ಕಬ್ಬಿಣ ಇನ್ನೇನು ಕೆಂಪಗಾಗಬೇಕು, ಅವಳು ತಿದಿಯ ಮೇಲಿನ ಕೈ ತೆಗೆದಳು.

"ಒತ್ತವಾ!" ಅಪ್ಪ ಕೂಗಿದ.

ಒತ್ತಲಿಲ್ಲ. ಗವಿ ಇಕ್ಕಳದಲ್ಲಿ ಎತ್ತಿ ಬಡಿಯುವ ಅಡೆಗಲ್ಲಿನ ಮೇಲಿಟ್ಟ ಕಬ್ಬಿಣ ಇನ್ನೂ ಕಪ್ಪಗೇ ಇತ್ತು. ಅವನ ಮೊದಲ ಏಟಿಗೆ ಅದು ಬಗ್ಗಲೂ ಇಲ್ಲ, ಕೈ ಮಾತ್ರ ಜುಮ್ಮೆಂದಿತು. ಹಬ್ಬದ ದಿನ ಅಪಶಕುನವಾಯಿತೆಂದು ಕಳಕಮ್ಮ ಗೊಣಗಿದಳು. ಜಗಳ ಬೆಳೆಯುವುದು ಬೇಡವೆಂದು ಮಗನನ್ನು ಅಕ್ಕನ ಕಡೆ ದಬ್ಬಿದಳು. ಗವಿ ಜೇಬಿನಿಂದ ಬನ್ನಿಯ ಎಲೆ ತೆಗೆದು, ಬಗ್ಗಿ ಅಕ್ಕನ ಕಾಲು ಮುಟ್ಟಿ, ಕೈ ಚಾಚಿದ.

"ತಗೊಳಕ್ಕಾ. ಬನ್ನಿ ತಗೊಂಡು ಬಂಗಾರದಂಗ ಇರೂಣು."

ಶಾಂಭವಿ ಕೈ ಒಡ್ಡಲಿಲ್ಲ.

"ಕೆಳಗ ಇಡು. ನಾನಽ ಎತ್ಕೊಂತೀನಿ. ಕೆಳಗ ಇಟ್ಟಿದ್ದು ಎತ್ಕೊಂಡವರದು ಅಲ್ಲೇನು?"

ಗವಿ ಇಡಲಿಲ್ಲ. ಎಲೆ ಹಿಡಿದ ಕೈ ಹಾಗೆಯೇ ಚಾಚಿಕೊಂಡು ನಿಂತಿದ್ದ. ಬನ್ನಿಯನ್ನು ನೆಲಕ್ಕೆ ಹಾಕಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.