ವರುಣಾ ದಾಟಿದ ಉಪ್ಪಿನಕಾಯಿ

“ಮಾತಾಜಿ, ಈ ಹುಡುಗಿ ನಿಜವಾಗಿಯೂ ನಿಮ್ಮ ಹತ್ತಿರ ಬಂದಿದ್ದಳಾ?” ಎಂದು ಕಾಲೇಜಿನ ಮೇಡಂ ಹಿಂದಿಯಲ್ಲಿ ಕೇಳಿದಾಗ ನಾನು ಹೂಬತ್ತಿ ಹೊಸೆಯುತ್ತಿದ್ದೆ.

ಸಾರನಾಥದಿಂದ ಆಟೋ ಹಿಡಿದು ಅವರು ಮಠದಲ್ಲಿರುವ ನನ್ನ ಕೋಣೆಗೇ ಬಂದಿದ್ದರು. ಅವರ ಹಿಂದೆ ಶ್ರುತಿ ತಲೆ ತಗ್ಗಿಸಿ ನಿಂತಿದ್ದಳು. ಕಾಶಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಕೊನೆಗಾಲಕ್ಕೆಂದು ಕರ್ನಾಟಕದಿಂದ ಬಂದ ನಮ್ಮಂಥವರನ್ನು ಮಾತಾಡಿಸಿ ಕಾಲೇಜಿಗೆ ಪ್ರಬಂಧ ಬರೆದಿದ್ದಳು. ಅದನ್ನು ಎಐ ಬರೆದದ್ದು ಎಂದು ಅಲ್ಲಿಯ ಕಂಪ್ಯೂಟರ್ ಹೇಳಿತಂತೆ. ಕ್ಲಾಸಿನಲ್ಲಿ ಹಲವರು ಹಾಗೆ ಬರೆಸಿ ಸಿಕ್ಕಿಬಿದ್ದಿದ್ದರಿಂದ ಇವಳ ಮಾತನ್ನೂ ಯಾರೂ ನಂಬಲಿಲ್ಲ. ನಾನೇ ಹೋಗಿ ಹೇಳೋಣವೆಂದರೆ, ಕಾಶಿವಾಸದ ವ್ರತ ಹಿಡಿದವಳು ಕಾಶಿಯ ಎಲ್ಲೆಯಾದ ವರುಣಾ ನದಿ ದಾಟುವಂತಿಲ್ಲ. ಕಾಲೇಜಿರುವ ಸಾರನಾಥ ಅದರಾಚೆ.

ಮೇಡಂ ಪ್ರಬಂಧದಿಂದ ಒಂದು ಸಾಲು ಓದಿದರು: ‘ಸಾಯಲೆಂದೇ ಕಾಶಿಗೆ ಬಂದೆ ಎಂದರು ಅಜ್ಜಿ.’ ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು.

“ಆದ್ರೂ ಪ್ರತಿ ಬೇಸಿಗೇಲೂ ವರ್ಷಕ್ಕಾಗೋವಷ್ಟು ಉಪ್ಪಿನಕಾಯಿ ಹಾಕ್ತೀನಿ,” ಎಂದೆ, ನನ್ನ ಹರಕು ಹಿಂದಿಯಲ್ಲಿ.

ಹಾಳೆಯಲ್ಲಿದ್ದ ಮುಂದಿನ ಸಾಲೂ ಅದೇ. ಮೇಡಂ ಜೋರಾಗಿ ನಕ್ಕು ಶ್ರುತಿಯ ಬೆನ್ನ ಮೇಲೆ ಕೈಯಿಟ್ಟರು. ಅಷ್ಟು ಹೊತ್ತು ತಡೆದುಕೊಂಡಿದ್ದ ಹುಡುಗಿ ಆಗ ಅತ್ತಳು.

ಯಂತ್ರ ಹೇಳಿತೆಂದು ಸೊನ್ನೆ ಹಾಕಿ ಆ ಮೇಡಂ ಸುಮ್ಮನಿರಬಹುದಿತ್ತು. ಆದರೆ ಬಿಸಿಲಲ್ಲಿ ನನ್ನ ಬಾಗಿಲಿಗೆ ಬಂದು ಕೇಳಿದರು. ಆ ಉಪಕಾರ ಮರೆಯಲಾರೆ. ಈ ಬೇಸಿಗೆಯಲ್ಲಿ ಒಂದು ಭರಣಿ ಹೆಚ್ಚಿಗೆ ಹಾಕಿ, ಶ್ರುತಿಯ ಕೈಯಲ್ಲಿ ಅವರಿಗೆ ಕಳಿಸಿದ್ದೇನೆ. ವರುಣಾ ದಾಟಬಾರದೆಂಬ ವ್ರತ ನನಗೆ, ಉಪ್ಪಿನಕಾಯಿಗಲ್ಲ.